‘ಶಬ್ದ’ ಪಾಠಕ್ಕೆ ‘ನವಕೋಟಿ ನಾರಾಯಣ’

ರಾಜಕುಮಾರ್ ಪುರಂದರದಾಸರಾಗಿ ನಟಿಸಿದ ‘ನವಕೋಟಿ ನಾರಾಯಣ’ (1964) ಚಿತ್ರವನ್ನು ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ನೋಡಿದೆವು. ಅದರ ಆಯ್ದ ಭಾಗವನ್ನು ಹುಮನಾಬಾದಿನ ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಯ ‘ಶಬ್ದ’ ಪಾಠದ ಪೀಠಿಕೆಗೆ ಬಳಸಿದೆ. ಜಿಪುಣ ವ್ಯಾಪಾರಿ ಮೂಗುತಿಯ ಪ್ರಸಂಗದಿಂದ ಎಲ್ಲ ತೊರೆದು ದಾಸರಾಗುವುದನ್ನು ಕಂಡ ಹುಡುಗಿಯೊಬ್ಬಳು, “ಸರ್, ಇದು ಖರೇ ಏನ್ರಿ?” ಎಂದಳು.

ಹೌದು ಎಂದರೆ ವಿಜ್ಞಾನದ ಶಿಸ್ತು ಸಡಿಲವಾಗುತ್ತದೆ. ಅಲ್ಲ ಎಂದರೆ ಮನೆಯ ನಂಬಿಕೆಗೆ ಪೆಟ್ಟು. ಆದ್ದರಿಂದ ಕಪ್ಪುಹಲಗೆಯ ಮೇಲೆ ಮೂರು ಅಂಕಣ ಹಾಕಿದೆ. ಜನ ಹೇಳುತ್ತ ಬಂದದ್ದು: ಮೂಗುತಿಯ ಕಥೆ. ಕೃತಿಗಳಲ್ಲಿ ಉಳಿದದ್ದು: ‘ಪುರಂದರ ವಿಠಲ’ ಅಂಕಿತ. ನಾವೇ ಅಳೆಯಬಹುದಾದದ್ದು: ದಾಸರು ರೂಪಿಸಿದರೆನ್ನುವ ಸರಳೆ ವರಸೆಯ ಸ್ವರಗಳು.

ಮೂರನೆಯದಕ್ಕೆ ಹಲಗೆಯ ಮೇಲೆ 60 ಸೆಂ.ಮೀ. ತಂತಿ ಬಿಗಿದೆವು. ಇಡೀ ತಂತಿಯ ಸ್ವರ ‘ಸ’ ಎಂದುಕೊಂಡರೆ, ಬಿಗಿತ ಬದಲಿಸದೆ 40 ಸೆಂ.ಮೀ. ಉದ್ದಕ್ಕೆ ಮೀಟಿದಾಗ ‘ಪ’, 30ಕ್ಕೆ ಮೇಲಿನ ‘ಸ’. ಉದ್ದ ಅರ್ಧವಾದರೆ ಆವೃತ್ತಿ ಇಮ್ಮಡಿ: ‘ಸ’ 240 ಹರ್ಟ್ಸ್ ಆದರೆ ‘ಪ’ 360, ಮೇಲಿನ ‘ಸ’ 480.

ಹುಮನಾಬಾದಿನ ಪಕ್ಕದ ಮಾಣಿಕನಗರದ ಮಾಣಿಕಪ್ರಭುಗಳೂ ಪದಗಳನ್ನು ರಚಿಸಿದವರು. ಅವರ ಬಗ್ಗೆ ಹಿರಿಯರನ್ನು ಕೇಳಿ ಇದೇ ಅಂಕಣಗಳನ್ನು ತುಂಬಿ ತರಲು ಮನೆಗೆಲಸ ಕೊಟ್ಟೆ. ಯಾವ ಮಾತು ಯಾವ ಅಂಕಣಕ್ಕೆಂದು ಮಕ್ಕಳು ತಮ್ಮಲ್ಲೇ ವಾದಿಸಿದರೆ ಪಾಠದ ಉದ್ದೇಶ ಈಡೇರಿದಂತೆ.