ಜಾರ್ಜಿಯನ್ ಪೀಠೋಪಕರಣಗಳಲ್ಲಿ ಬಣ್ಣ ಮತ್ತು ಚಿನ್ನ: ಪದರಗಳ ಸಾಕ್ಷ್ಯ

ಬ್ರಿಟನ್ನಿನಲ್ಲಿ ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಒಬ್ಬರಾದ ಮೇಲೊಬ್ಬರು ಆಳಿದ 1714ರಿಂದ 1830ರವರೆಗಿನ ಅವಧಿಯನ್ನು ಜಾರ್ಜಿಯನ್ ಯುಗವೆಂದು ಗುರುತಿಸಲಾಗುತ್ತದೆ. ಈ ಯುಗದ ಪೀಠೋಪಕರಣಗಳೆಂದರೆ ಹೊಳಪು ಕೊಟ್ಟ ಮಹಾಗನಿ ಮರದವು ಎಂಬ ಗ್ರಹಿಕೆ ರೂಢಿಯಲ್ಲಿದೆ. ಆದರೆ ಮರವನ್ನು ಬಣ್ಣ ಹಾಗೂ ಚಿನ್ನದಿಂದ ಸಂಪೂರ್ಣ ಮರೆಮಾಡುವ ಇನ್ನೊಂದು ಪರಂಪರೆಯೂ ಇದರ ಜೊತೆಗೇ ಬೆಳೆಯಿತೆಂಬುದು ಗಮನಾರ್ಹ.

ಚಿನ್ನಲೇಪದಲ್ಲಿ ಎರಡು ಕ್ರಮಗಳಿದ್ದವು. ಜಲವಿಧಾನದಲ್ಲಿ ಸೀಮೆಸುಣ್ಣದ ಪುಡಿ ಮತ್ತು ಪ್ರಾಣಿಜನ್ಯ ಅಂಟಿನ ಮಿಶ್ರಣವಾದ ಗೆಸ್ಸೊವನ್ನು ಹಲವು ಪದರಗಳಲ್ಲಿ ಬಳಿದು, ಅದರ ಮೇಲೆ ನಯವಾದ ಜೇಡಿಯನ್ನು ಲೇಪಿಸಿ, ಒದ್ದೆಮಾಡಿ, ಚಿನ್ನದ ಹಾಳೆಯನ್ನು ಕೂರಿಸಲಾಗುತ್ತಿತ್ತು. ಅನಂತರ ಅಗೇಟ್ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ತೈಲವಿಧಾನದಲ್ಲಿ ಎಣ್ಣೆಯ ಅಂಟುಪದರದ ಮೇಲೆ ಹಾಳೆ ನಿಲ್ಲುತ್ತದೆ. ಅದನ್ನು ಉಜ್ಜಿ ಹೊಳಪು ಕೊಡಲಾಗದು. ವಿಲಿಯಂ ಕೆಂಟ್ (1685–1748) ಹೌಟನ್ ಹಾಲ್ ಭವನಕ್ಕೆ ರೂಪಿಸಿದ ಪೀಠೋಪಕರಣಗಳು ಈ ಸುವರ್ಣ ವೈಭವಕ್ಕೆ ನಿದರ್ಶನ.

ವರ್ಣಾಲಂಕಾರದ ಮೂಲ ಪೂರ್ವದೇಶಗಳ ಅನುಕರಣೆಯಲ್ಲಿದೆ. ಚೀನಾ, ಜಪಾನುಗಳ ಮೆರುಗೆಣ್ಣೆಗೆ ಬೇಕಾದ ಮರದ ರಸ ಯುರೋಪಿನಲ್ಲಿ ದೊರೆಯುತ್ತಿರಲಿಲ್ಲ. ಆದ್ದರಿಂದ ಕುಶಲಕರ್ಮಿಗಳು ಮದ್ಯಸಾರದಲ್ಲಿ ಅರಗನ್ನು ಕರಗಿಸಿ ಬಳಸಿದರು. ಈ ಅರಗು ಭಾರತದಿಂದ ಹೋಗುತ್ತಿತ್ತು. ತಂತ್ರಕ್ಕೆ ಜಪಾನಿನ ಹೆಸರು, ದ್ರವ್ಯಕ್ಕೆ ಭಾರತದ ಮೂಲ ಎಂಬುದು ಇಲ್ಲಿನ ವೈಶಿಷ್ಟ್ಯ. ಥಾಮಸ್ ಚಿಪೆಂಡೇಲ್ ನಟ ಡೇವಿಡ್ ಗ್ಯಾರಿಕ್‌ನ ಹ್ಯಾಂಪ್ಟನ್ ಮನೆಗಾಗಿ ಮಾಡಿದ ಹಸಿರು-ಬಿಳಿ ಬಣ್ಣದ ಮಂಚಕ್ಕೆ ಭಾರತದ ಚಿತ್ರಿತ ಹತ್ತಿಬಟ್ಟೆಯ ತೆರೆಗಳೂ ಇದ್ದವು. ಅದು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ರಾಬರ್ಟ್ ಆ್ಯಡಮ್‌ನಿಂದ (1728–1792) ಈ ಅಲಂಕಾರಕ್ಕೆ ಶಾಸ್ತ್ರೀಯ ಸಂಯಮ ಬಂದಿತು. ಆಸ್ಟರ್ಲಿ ಪಾರ್ಕ್ ಭವನದ ಎಟ್ರಸ್ಕನ್ ಕೋಣೆಯಲ್ಲಿ ಗೋಡೆ ಮತ್ತು ಕುರ್ಚಿಗಳು ಒಂದೇ ವರ್ಣವಿನ್ಯಾಸಕ್ಕೆ ಒಳಪಟ್ಟಿವೆ. ಹೆಪಲ್‌ವೈಟ್‌ನ ಮರಣಾನಂತರ 1788ರಲ್ಲಿ ಪ್ರಕಟವಾದ ಮಾದರಿಗ್ರಂಥವು ಬಣ್ಣದ ಕುರ್ಚಿಗಳನ್ನು ಹೊಸ ಅಭಿರುಚಿಯೆಂದು ಪುರಸ್ಕರಿಸಿತು.

ಇಲ್ಲಿ ಕರ್ತೃತ್ವದ ಪ್ರಶ್ನೆ ಏಳುತ್ತದೆ. ಇಂತಹ ಅನೇಕ ಚಿತ್ರಗಳನ್ನು ಬಹುಕಾಲ ಕಲಾವಿದೆ ಆ್ಯಂಜೆಲಿಕಾ ಕಾಫ್‌ಮನ್‌ಳ ಕೈಬರಹವೆಂದೇ ನಂಬಲಾಗಿತ್ತು. ವಾಸ್ತವವಾಗಿ ಅವಳ ಕೃತಿಗಳ ಮುದ್ರಿತ ಪ್ರತಿಗಳನ್ನು ನೋಡಿ ಇತರರು ಬರೆದವೇ ಹೆಚ್ಚು. ಇದಲ್ಲದೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹಳೆಯ ಸರಳ ಪೀಠೋಪಕರಣಗಳ ಮೇಲೂ ಹೊಸದಾಗಿ ಚಿತ್ರ ಬರೆಯಿಸಿದ್ದುಂಟು.

ಆದ್ದರಿಂದ ಸಂಶೋಧಕರು ಲೇಪದ ಸೂಕ್ಷ್ಮ ತುಣುಕನ್ನು ಅಡ್ಡಸೀಳಿ, ಸೂಕ್ಷ್ಮದರ್ಶಕದಡಿ ಪದರಗಳ ಅನುಕ್ರಮವನ್ನು ಓದುತ್ತಾರೆ. ಮೂಲಪಾಠವನ್ನೂ ಪ್ರಕ್ಷಿಪ್ತವನ್ನೂ ಬೇರ್ಪಡಿಸುವ ಗ್ರಂಥಸಂಪಾದಕನ ಕೆಲಸಕ್ಕೆ ಇದು ಸಮೀಪವಾದುದು. ಒಂದು ವ್ಯತ್ಯಾಸವಿದೆ: ಹಸ್ತಪ್ರತಿಗೆ ಬೇರೆ ಪ್ರತಿಗಳಿರಬಹುದು, ಲೇಪಕ್ಕೆ ಇಲ್ಲ. ಶುಚಿಗೊಳಿಸುವ ನೆಪದಲ್ಲಿ ಕೆರೆದುಹಾಕಿದ ಪದರದೊಂದಿಗೆ ಅದರ ಸಾಕ್ಷ್ಯವೂ ಶಾಶ್ವತವಾಗಿ ನಷ್ಟವಾಗುತ್ತದೆ.