ಮೂರು ವರ್ಷ ತಡವಾದರೇನು?

ಜೂನ್ ಮಳೆಯಲ್ಲಿ ಪಾಲಿಬೆಟ್ಟದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಪಿಯುಸಿ ಮುಗಿದ ಮೇಲೆ, ತಂದೆಯ ಕಾಯಿಲೆಯಿಂದಾಗಿ ಮೂರು ವರ್ಷ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ. ‘ಈಗ ಬಿ.ಎಸ್ಸಿ. ಸೇರಿದರೆ ಚಿಕ್ಕ ಹುಡುಗರ ಪಕ್ಕ ಕೂರಬೇಕಲ್ಲ ಸಾರ್’ ಎಂದ.

ಆಲ್ಬರ್ಟ್ ಶ್ವೈಟ್ಜರ್ ಅವರ ಕಥೆ ಹೇಳಿದೆ. ಅವರು ವೈದ್ಯಕೀಯ ಓದಲು ಸೇರಿದ್ದು 1905ರಲ್ಲಿ, 30ನೇ ವಯಸ್ಸಿನಲ್ಲಿ. ತಾವೇ ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದಲ್ಲಿ! 1913ರಲ್ಲಿ ಆಫ್ರಿಕಾಕ್ಕೆ ಹೋಗಿ ಆಸ್ಪತ್ರೆ ತೆರೆದರು.

ಕೆಲಸ ಬಿಡಲಾಗದವರಿಗೂ ದಾರಿಯಿದೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಯಾವುದೇ ದೂರಶಿಕ್ಷಣಕ್ಕೆ ಹಣ ಕಟ್ಟುವ ಮುನ್ನ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ನೋಡಿ. ವಿಜ್ಞಾನಕ್ಕೆ ಪ್ರಯೋಗಾಲಯ ಬೇಕು. ಸಾಧ್ಯವಾದರೆ ಕಾಲೇಜಿಗೇ ಹೋಗುವುದು ಮೇಲು.

ನಿಜವಾದ ತೊಡಕು ವಯಸ್ಸಲ್ಲ, ಮರೆವು. ಗಣಿತ ಬೇಗ ತುಕ್ಕು ಹಿಡಿಯುತ್ತದೆ. ತರಗತಿ ಆರಂಭವಾಗುವ ಮೊದಲೇ ಪಿಯುಸಿ ಲೆಕ್ಕಗಳನ್ನು ದಿನಕ್ಕೊಂದು ಗಂಟೆ ಬಿಡಿಸಿ.

ಪೋಷಕರೇ, ‘ಇನ್ನೇನು ಓದು’ ಎನ್ನುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. 21ಕ್ಕೆ ಸೇರಿದವನು 24ಕ್ಕೆ ಪದವೀಧರನಾಗುತ್ತಾನೆ. ಸೇರದಿದ್ದರೂ ಅವನಿಗೆ 24 ಆಗಿಯೇ ಆಗುತ್ತದೆ.