ಪಕ್ಕದ ಮನೆಯ ಹಿತ್ತಲಿಗೆ ಇಳಿದ ನವರಂಗ

ಅಕ್ಟೋಬರ್ ತಿಂಗಳ ಒಂದು ಮುಂಜಾನೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಅಜ್ಜಿ ಕೂಗಿದರು: "ಬೇಗ ಬಾರಪ್ಪ, ಮಾವಿನ ಮರದ ಬುಡದಲ್ಲಿ ಯಾವುದೋ ಬಣ್ಣದ ಹಕ್ಕಿ ಕುಪ್ಪಳಿಸ್ತಿದೆ. ಪಾಪ, ಬಾಲವೇ ಇಲ್ಲ!"

ಬಾಲವಿಲ್ಲ ಎಂದದ್ದೇ ತಡ, ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಅಷ್ಟರಲ್ಲಿ ಹಕ್ಕಿ ಮಾಯವಾಗಿತ್ತು. ಬಾವಿಕಟ್ಟೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತೆ. ಬಹಳ ಹೊತ್ತಿನ ಮೇಲೆ ತರಗೆಲೆಯ ಸರಸರ ಕೇಳಿಸಿತು. ಬಾಳೆಗಿಡದ ನೆರಳಿನಿಂದ ಹೊರಬಂತು ನವರಂಗ! ಗೊರವಂಕಕ್ಕಿಂತ ಚಿಕ್ಕದು. ಹಸಿರು ಬೆನ್ನು, ಕಣ್ಣಿಗೆ ಕಾಡಿಗೆ ತೀಡಿದಂಥ ಕಪ್ಪು ಪಟ್ಟಿ, ಬಿಳಿ ಗಂಟಲು, ಕೆಳಹೊಟ್ಟೆಯಲ್ಲಿ ಕುಂಕುಮ. ಮೋಟು ಬಾಲ. ಕೊಕ್ಕಿನಿಂದ ಎಲೆಯೊಂದನ್ನು ಮಗುಚುವುದು, ತಲೆ ಓರೆ ಮಾಡಿ ನೋಡುವುದು, ಹುಳ ಸಿಕ್ಕರೆ ನುಂಗಿ ಮುಂದಕ್ಕೆ ಕುಪ್ಪಳಿಸುವುದು. ರೆಕ್ಕೆ ಬಿಡಿಸಿದಾಗ ನೀಲಿ ಮಿಂಚಿತು. ಹಕ್ಕಿಗಳ ಗರಿಯ ನೀಲಿ, ಬಣ್ಣದ ಪುಡಿಯಿಂದ ಬರುವುದಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ಗಾಳಿಗೂಡುಗಳು ಬೆಳಕಿನ ನೀಲಿಯನ್ನು ಮಾತ್ರ ನಮ್ಮತ್ತ ಚೆಲ್ಲುತ್ತವೆ.

ಈ ಹಕ್ಕಿಯನ್ನು ನೋಡಲೆಂದೇ ಎಷ್ಟೋ ಬೆಳಗುಗಳನ್ನು ಕಾಡಂಚಿನಲ್ಲಿ ಕಳೆದಿದ್ದೆ. ಈಗ ಬೆಂಗಳೂರಿನ ಹಿತ್ತಲಲ್ಲಿ ಹೇಗೆ?

ನವರಂಗ ಮಳೆಗಾಲದಲ್ಲಿ ಹಿಮಾಲಯದ ತಪ್ಪಲಿನಲ್ಲೂ ಮಧ್ಯ ಭಾರತದ ಕಾಡುಗಳಲ್ಲೂ ಮರಿ ಮಾಡುತ್ತದೆ. ಮಳೆ ತಗ್ಗಿದ ಮೇಲೆ ದಕ್ಷಿಣ ಭಾರತಕ್ಕೆ, ಶ್ರೀಲಂಕಾಕ್ಕೆ ಹೊರಡುತ್ತದೆ. ಹಗಲೆಲ್ಲ ನೆಲದ ಮೇಲೆ ಓಡಾಡುವ ಈ ಹಕ್ಕಿ ವಲಸೆ ಹೋಗುವುದು ರಾತ್ರಿ. ನಾವು ಮಲಗಿರುವಾಗ ನಮ್ಮ ತಾರಸಿಗಳ ಮೇಲೆಯೇ ಹಾದುಹೋಗಿರುತ್ತದೆ. ಬೆಳಗಾದಲ್ಲಿ ಇಳಿಯಬೇಕು, ನೆರಳೂ ತರಗೆಲೆಯೂ ಇದ್ದ ಜಾಗವೇ ಅದಕ್ಕೆ ಅಂದಿನ ಛತ್ರ. ದೀಪದ ಬೆಳಕಿಗೆ ದಿಕ್ಕು ತಪ್ಪಿ ಕಿಟಕಿಯ ಗಾಜಿಗೆ ಬಡಿದು ಬೀಳುವವೂ ಉಂಟು. ಅದನ್ನು ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ.

1766ರಲ್ಲಿ ಜೀವವಿಜ್ಞಾನಿ ಲಿನೇಯಸ್ ನವರಂಗವನ್ನು ಕಾಗೆಯ ಕುಲಕ್ಕೆ ಸೇರಿಸಿದ್ದ. ಈಗಿನ ಕುಲನಾಮ 'ಪಿಟ್ಟ' ನಮ್ಮ ನೆರೆಯ ತೆಲುಗಿನದು. ಪುಟ್ಟ ಹಕ್ಕಿ ಎಂದೇ ಅರ್ಥ. ತಮಿಳರು ಕರೆಯುವುದು 'ಆರುಮಣಿ ಕುರುವಿ', ಆರು ಗಂಟೆಯ ಹಕ್ಕಿ. ಬೆಳಗ್ಗೆ, ಸಂಜೆ ಆ ಹೊತ್ತಿಗೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಮಡಿವಾಳ ಹಕ್ಕಿಯಂಥ ಹಾಡುಗಾರರು ಹಿರಿಯರಿಂದ ಕೇಳಿ ಕಲಿಯುತ್ತಾರೆ. ನವರಂಗದ ಕವಲೇ ಬೇರೆ. ಆ ಕವಲಿನ ಬಹುಪಾಲು ಹಕ್ಕಿಗಳು ಇರುವುದು ಅಮೆರಿಕ ಖಂಡಗಳಲ್ಲಿ. ಅವುಗಳಲ್ಲಿ ಹಲವಕ್ಕೆ ಹಾಡು ಹುಟ್ಟಿನಿಂದಲೇ ಬರುತ್ತದೆ, ಕಲಿಸುವವರು ಬೇಡ.

ಅಂದು ಸಂಜೆ ಅಜ್ಜಿಯೂ ನಾನೂ ಕಟ್ಟೆಯ ಮೇಲೆ ಕೂತು ಕಾದೆವು. ಕತ್ತಲು ಕವಿಯುವಾಗ ಬಾಳೆಯ ಮರೆಯಿಂದ ಸಿಳ್ಳೆ ಬಂತು, ಎರಡೇ ಸಲ. ಮರುದಿನ ಮರದ ಬುಡ ಖಾಲಿಯಾಗಿತ್ತು. ಅಲ್ಲಿನ ತರಗೆಲೆಯನ್ನು ಮಾತ್ರ ಅಜ್ಜಿ ಇನ್ನೂ ಗುಡಿಸಿಲ್ಲ.